ದುರ್ಗವೋ ಜನಪದವೋ? : ಯುದ್ಧಕಾಲದ ಪ್ಯಾರಿಸ್ ನಗರದ ನಾಲ್ಕು ಘಟ್ಟಗಳು

ಭಾರತದ ಪ್ರಾಚೀನ ರಾಜನೀತಿಕಾರರು ರಾಜ್ಯವನ್ನು ಏಳು ಅಂಗಗಳುಳ್ಳ ಶರೀರವೆಂದು ಭಾವಿಸಿದರು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಈ ಸಪ್ತಾಂಗಗಳಲ್ಲಿ ಯಾವುದಕ್ಕೆ ಒದಗಿದ ವಿಪತ್ತು ಹೆಚ್ಚು ಘೋರವಾದುದು ಎಂಬ ಚರ್ಚೆಯನ್ನು ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ನಡೆಸಿದ್ದಾನೆ. ಜನಪದದ ವಿಪತ್ತಿಗಿಂತ ದುರ್ಗದ ವಿಪತ್ತೇ ಹಿರಿದೆಂಬುದು ಪಾರಾಶರ ಪಂಥದ ಆಚಾರ್ಯರ ಮತ. ದುರ್ಗ, ಕೋಶ, ದಂಡ ಇವೆಲ್ಲವೂ ಜನಪದವನ್ನೇ ಆಶ್ರಯಿಸಿ ನಿಂತಿವೆ ಎಂದು ಹೇಳಿ ಕೌಟಿಲ್ಯನು ಆ ಮತವನ್ನು ತಿರಸ್ಕರಿಸುತ್ತಾನೆ. ಅವನ ಕಾಲದಲ್ಲಿ ದುರ್ಗ ಬೇರೆ, ಅದರ ಸುತ್ತ ಹರಡಿದ ಜನಪದ ಬೇರೆ. ಆಧುನಿಕ ಯುಗದ ರಾಜಧಾನಿಗಳಲ್ಲಾದರೋ ಲಕ್ಷಾಂತರ ಜನರು ದುರ್ಗದ ಒಳಗೇ ವಾಸಿಸತೊಡಗಿದರು. ಶತ್ರು ಹೊರಗಿನಿಂದ ಬಂದಾಗ ಕೋಟೆಯನ್ನು ರಕ್ಷಿಸಬೇಕೋ, ಒಳಗಿರುವ ಜನರನ್ನು ರಕ್ಷಿಸಬೇಕೋ ಎಂಬ ಪ್ರಶ್ನೆಯೊಂದಿಗೆ, ಆ ಜನರನ್ನು ನಂಬಬೇಕೋ ಅಂಜಬೇಕೋ ಎಂಬ ಇನ್ನೂ ಕಠಿಣವಾದ ಪ್ರಶ್ನೆಯನ್ನು ಆಳುವವರು ಎದುರಿಸಬೇಕಾಯಿತು.

ಈ ಪ್ರಶ್ನೆಯನ್ನು ಫ್ರಾನ್ಸಿನ ರಾಜಧಾನಿ ಪ್ಯಾರಿಸ್ ಎದುರಿಸಿದಷ್ಟು ಸಲ, ಅಷ್ಟೊಂದು ತೀವ್ರವಾಗಿ, ಎದುರಿಸಿದ ನಗರಗಳು ವಿರಳ. 1870ರಿಂದ 1944ರವರೆಗಿನ ಎಪ್ಪತ್ತನಾಲ್ಕು ವರ್ಷಗಳಲ್ಲಿ ಜರ್ಮನ್ ಸೈನ್ಯವು ಮೂರು ಬಾರಿ ಈ ನಗರದ ಮೇಲೆ ಏರಿಬಂದಿತು. ಮೊದಲ ಸಲ ನಗರವು ಮುತ್ತಿಗೆಗೆ ಸಿಕ್ಕಿ ಹಸಿವಿನಿಂದ ಮಣಿಯಿತು. ಎರಡನೆಯ ಸಲ ಶತ್ರುವನ್ನು ಹಿಮ್ಮೆಟ್ಟಿಸಿತು. ಮೂರನೆಯ ಸಲ ಒಂದು ಗುಂಡೂ ಹಾರದೆ ಶತ್ರುವಿನ ವಶವಾಯಿತು. ಕೊನೆಗೆ 1944ರಲ್ಲಿ ತನ್ನ ಬಿಡುಗಡೆಗಾಗಿ ತಾನೇ ಶಸ್ತ್ರ ಹಿಡಿಯಿತು. ಈ ನಾಲ್ಕು ಘಟ್ಟಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಫಿರಂಗಿಗಳ ಲೆಕ್ಕ, ಸೇನಾ ವಿಭಾಗಗಳ ಲೆಕ್ಕಗಳಷ್ಟೇ ಪ್ಯಾರಿಸ್ಸಿನ ಹಣೆಬರಹವನ್ನು ಬರೆಯಲಿಲ್ಲ. ಆಳುವವರು ತಮ್ಮ ರಾಜಧಾನಿಯ ಜನರನ್ನು ಎಷ್ಟರಮಟ್ಟಿಗೆ ನಂಬಿದರು ಎಂಬುದೂ ಪ್ರತಿಸಲವೂ ಅದನ್ನು ನಿರ್ಧರಿಸಿತು.

ಗೋಡೆ ಯಾರ ವಿರುದ್ಧ?

ನೆಪೋಲಿಯನ್ನನ ಪತನದ ಕಾಲದಲ್ಲಿ, 1814ರಲ್ಲಿಯೂ 1815ರಲ್ಲಿಯೂ ಶತ್ರುಸೈನ್ಯಗಳು ಪ್ಯಾರಿಸ್ಸನ್ನು ಪ್ರವೇಶಿಸಿದ್ದವು. ಆ ಅಪಮಾನ ಮರುಕಳಿಸಬಾರದೆಂಬ ಉದ್ದೇಶದಿಂದ ದೊರೆ ಲೂಯಿ ಫಿಲಿಪ್‌ನ ಆಳ್ವಿಕೆಯಲ್ಲಿ, ಪ್ರಧಾನಿಯಾಗಿದ್ದ ಅದಾಲ್ಫ್ ತಿಯೆರ್‌ನ ಒತ್ತಾಸೆಯಿಂದ, ನಗರದ ಸುತ್ತ ಹೊಸದೊಂದು ಕೋಟೆಯನ್ನು ಕಟ್ಟಲು ತೀರ್ಮಾನವಾಯಿತು. 1841ರಿಂದ 1844ರ ಅವಧಿಯಲ್ಲಿ ಎದ್ದುನಿಂತ ಈ ಗೋಡೆಯ ಸುತ್ತಳತೆ ಸುಮಾರು 33 ಕಿಲೋಮೀಟರು. ಅದರಲ್ಲಿದ್ದ ಕೊತ್ತಲಗಳು 94. ಗೋಡೆಯಿಂದ ಹೊರಗೆ, ನಗರವನ್ನು ಬಳಸಿದಂತೆ, 16 ಬಿಡಿಕೋಟೆಗಳು ನಿರ್ಮಾಣವಾದವು.

ಈ ಬಿಡಿಕೋಟೆಗಳ ವಿಷಯದಲ್ಲಿ ಅಂದು ಎದ್ದ ವಿವಾದವು ಮುಂದಿನ ಇತಿಹಾಸಕ್ಕೆ ಮುನ್ನುಡಿಯಂತಿದೆ. ಇವುಗಳ ಫಿರಂಗಿಗಳು ಯಾವ ದಿಕ್ಕಿಗೆ ಮುಖ ಮಾಡುವುವು ಎಂದು ವಿರೋಧ ಪಕ್ಷದವರು ಕೇಳಿದರು. 1789ರಲ್ಲಿ ಬಾಸ್ತೀಲ್ ಸೆರೆಮನೆಯನ್ನು ಕೆಡವಿದ್ದ, 1830ರಲ್ಲಿ ದೊರೆಯೊಬ್ಬನನ್ನು ಓಡಿಸಿದ್ದ ನಗರವದು. ಆ ನಗರವನ್ನು ಹದ್ದಿನಲ್ಲಿಡಲು ಸರಕಾರವು ಸುತ್ತಲೂ ಹೊಸ ಬಾಸ್ತೀಲ್‌ಗಳನ್ನು ಕಟ್ಟುತ್ತಿದೆ ಎಂಬುದು ಅವರ ಆರೋಪವಾಗಿತ್ತು. ಆ ಶಂಕೆ ಅಂದು ಅತಿರೇಕವೆಂದು ತೋರಿರಬಹುದು. ಮೂವತ್ತು ವರ್ಷಗಳ ಬಳಿಕ ಅದೇ ತಿಯೆರ್, ಅದೇ ಪ್ಯಾರಿಸ್ಸಿನ ಮೇಲೆ, ಹೊರಗಿನಿಂದ ಫಿರಂಗಿ ಹಾರಿಸಬೇಕಾಗಿ ಬಂದಿತು.

1870–71: ಹಸಿದ ನಗರ, ಒಡೆದ ನಗರ

1870ರ ಸೆಪ್ಟೆಂಬರ್ 2ರಂದು ಸೆಡಾನ್‌ನಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ತನ್ನ ಸೈನ್ಯದೊಡನೆ ಪ್ರಷ್ಯದವರಿಗೆ ಸೆರೆಸಿಕ್ಕನು. ಸುದ್ದಿ ರಾಜಧಾನಿಯನ್ನು ಮುಟ್ಟಿದಾಗ ಜನಸಮೂಹವು ಶಾಸನಸಭೆಗೆ ನುಗ್ಗಿತು. ಸೆಪ್ಟೆಂಬರ್ 4ರಂದು ಪುರಭವನದಲ್ಲಿ ಗಣರಾಜ್ಯದ ಘೋಷಣೆಯಾಯಿತು. ಜನರಲ್ ತ್ರೋಶು ಅಧ್ಯಕ್ಷನಾಗಿ ‘ರಾಷ್ಟ್ರರಕ್ಷಣಾ ಸರಕಾರ’ ಅಸ್ತಿತ್ವಕ್ಕೆ ಬಂದಿತು. ಸೋತ ಸೈನ್ಯದ ದೇಶದಲ್ಲಿ ಯುದ್ಧವನ್ನು ಮುಂದುವರಿಸುವ ಸಂಕಲ್ಪವನ್ನು ರಾಜಧಾನಿಯೇ ಮಾಡಿತು. ಎರಡು ವಾರಗಳಲ್ಲಿ, ಸೆಪ್ಟೆಂಬರ್ 19ರ ಹೊತ್ತಿಗೆ, ಪ್ರಷ್ಯದ ಸೇನೆ ನಗರವನ್ನು ಸುತ್ತುವರಿಯಿತು.

ಒಳಗೆ ಸುಮಾರು ಇಪ್ಪತ್ತು ಲಕ್ಷ ಜನರಿದ್ದರು. ದೇಶದ ಉಳಿದ ಭಾಗಗಳೊಡನೆ ಸಂಪರ್ಕವನ್ನು ಉಳಿಸಿಕೊಳ್ಳಲು ಅವರು ಕಂಡುಕೊಂಡ ಉಪಾಯಗಳು ಪ್ರಸಿದ್ಧವಾಗಿವೆ. ಮುತ್ತಿಗೆಯ ಅವಧಿಯಲ್ಲಿ ಸುಮಾರು 66 ಬಲೂನುಗಳು ನಗರದಿಂದ ಹಾರಿ, ಅಂದಾಜು 25 ಲಕ್ಷ ಪತ್ರಗಳನ್ನು ಶತ್ರುಪಾಳೆಯದ ಮೇಲಿಂದ ದಾಟಿಸಿದವು. ಗೃಹಸಚಿವ ಲಿಯೋನ್ ಗಾಂಬೆಟ್ಟಾ ಅಕ್ಟೋಬರ್ 7ರಂದು ಬಲೂನಿನಲ್ಲಿಯೇ ಹೊರಬಿದ್ದು, ತೂರ್ ನಗರವನ್ನು ಸೇರಿ, ಅಲ್ಲಿ ಹೊಸ ಸೇನೆಗಳನ್ನು ಕಟ್ಟತೊಡಗಿದನು. ಬಲೂನುಗಳು ಗಾಳಿ ಬೀಸಿದತ್ತ ಹೋಗಬಲ್ಲವೇ ಹೊರತು ಮರಳಿ ಬರಲಾರವು. ಆದ್ದರಿಂದ ಹೊರಗಿನ ಸುದ್ದಿಯನ್ನು ತರುವ ಕೆಲಸ ಪಾರಿವಾಳಗಳ ಪಾಲಿಗೆ ಬಂದಿತು. ಸಂದೇಶಗಳನ್ನು ಅತಿಸೂಕ್ಷ್ಮ ಛಾಯಾಚಿತ್ರಗಳಾಗಿ ಕುಗ್ಗಿಸಿ ಹಕ್ಕಿಯ ಗರಿಗೆ ಕಟ್ಟುತ್ತಿದ್ದರು. ನಗರದಲ್ಲಿ ಅವನ್ನು ದೀಪದ ಬೆಳಕಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ, ಗುಮಾಸ್ತರು ಓದಿ ನಕಲು ಮಾಡಿಕೊಳ್ಳುತ್ತಿದ್ದರು.

ಆದರೆ ಪಾರಿವಾಳಗಳು ಅನ್ನವನ್ನು ತರಲಾರವು. ಚಳಿಗಾಲ ಬಿಗಿಯಾದಂತೆ ನಗರದ ಕುದುರೆಗಳು, ಅನಂತರ ನಾಯಿ, ಬೆಕ್ಕು, ಇಲಿಗಳು ಆಹಾರವಾದವು. ಮೃಗಾಲಯದ ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಎರಡು ಆನೆಗಳನ್ನೂ ಕೊಂದು ಮಾಂಸವನ್ನು ಮಾರಿದರು. 1871ರ ಜನವರಿ 5ರಿಂದ ನಗರದ ಮೇಲೆ ಗುಂಡಿನ ಮಳೆ ಆರಂಭವಾಯಿತು. ಜನವರಿ 18ರಂದು, ಗೋಡೆಯ ಆಚೆಗೆ ಕೆಲವೇ ಹರದಾರಿಗಳ ದೂರದಲ್ಲಿದ್ದ ವರ್ಸೇಲ್ಸ್ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆ ನಡೆಯಿತು. ಒಂದು ರಾಷ್ಟ್ರದ ರಾಜಧಾನಿ ಉಪವಾಸದಿಂದ ನರಳುತ್ತಿದ್ದಾಗ, ಅದರ ಹೊಸ್ತಿಲಲ್ಲಿಯೇ ಇನ್ನೊಂದು ರಾಷ್ಟ್ರ ಹುಟ್ಟಿತು. ಜನವರಿ 28ರಂದು ಕದನವಿರಾಮಕ್ಕೆ ಸಹಿ ಬಿದ್ದಿತು.

ಈ ನಾಲ್ಕು ತಿಂಗಳಲ್ಲಿ ನಗರದ ಒಳಗೆ ನಡೆದ ಇನ್ನೊಂದು ಬದಲಾವಣೆಯು ಮುತ್ತಿಗೆಗಿಂತಲೂ ದೀರ್ಘಕಾಲದ ಪರಿಣಾಮವನ್ನು ಬೀರಿತು. ರಕ್ಷಣೆಗಾಗಿ ಸರಕಾರವು ಪ್ಯಾರಿಸ್ಸಿನ ಸಾಮಾನ್ಯ ಜನರ ಕೈಗೆ ಬಂದೂಕುಗಳನ್ನು ಕೊಟ್ಟಿತ್ತು. ‘ರಾಷ್ಟ್ರೀಯ ರಕ್ಷಕದಳ’ದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಜನರು ಸೇರಿದ್ದರು. ಕೆಲಸ ಕಳೆದುಕೊಂಡ ಕೂಲಿಕಾರನಿಗೆ ಆ ದಳದ ದಿನಭತ್ಯವೇ ಜೀವನಾಧಾರ. ದಳದ ಅಧಿಕಾರಿಗಳನ್ನು ಸೈನಿಕರೇ ಚುನಾಯಿಸುತ್ತಿದ್ದರು. ಸೇನಾಪತಿ ತ್ರೋಶುವಿಗೆ ಈ ದಳದ ಯುದ್ಧಸಾಮರ್ಥ್ಯದಲ್ಲಿ ವಿಶ್ವಾಸವಿರಲಿಲ್ಲ. ದಳದವರಿಗೆ ಸರಕಾರದ ಸಂಕಲ್ಪಶಕ್ತಿಯಲ್ಲಿ ವಿಶ್ವಾಸವಿರಲಿಲ್ಲ. ಮೆಟ್ಸ್ ಕೋಟೆ ಶರಣಾದ ಸುದ್ದಿ ಬಂದ ಅಕ್ಟೋಬರ್ 31ರಂದು ಒಮ್ಮೆ, ಜನವರಿ 22ರಂದು ಇನ್ನೊಮ್ಮೆ, ಜನರು ತಮ್ಮದೇ ಸರಕಾರದ ವಿರುದ್ಧ ಪುರಭವನದ ಮೇಲೆ ಏರಿಹೋದರು.

ಕದನವಿರಾಮದ ನಂತರ ನಡೆದ ಚುನಾವಣೆಯಲ್ಲಿ ಹಳ್ಳಿಗಾಡಿನ ಫ್ರಾನ್ಸ್ ಶಾಂತಿಯನ್ನು ಬಯಸುವ ರಾಜಪಕ್ಷೀಯರನ್ನು ಬಹುಸಂಖ್ಯೆಯಲ್ಲಿ ಆರಿಸಿತು. ಪ್ಯಾರಿಸ್ ಗಣರಾಜ್ಯವಾದಿಗಳನ್ನು ಆರಿಸಿತು. ಬೋರ್ಡೋದಲ್ಲಿ ಸೇರಿದ್ದ ರಾಷ್ಟ್ರೀಯ ಸಭೆಯು ರಾಜಧಾನಿಗೆ ಮರಳದೆ ವರ್ಸೇಲ್ಸ್‌ಗೆ ಹೋಗಲು ನಿರ್ಧರಿಸಿತು. ಮಾರ್ಚ್ 18ರಂದು ಮಾಂಟ್‌ಮಾರ್ತ್ರ್ ಗುಡ್ಡದ ಮೇಲಿದ್ದ ಫಿರಂಗಿಗಳನ್ನು ವಶಪಡಿಸಿಕೊಳ್ಳಲು ತಿಯೆರ್ ಸೈನಿಕರನ್ನು ಕಳುಹಿಸಿದಾಗ ಅವರು ಜನರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಇಬ್ಬರು ಜನರಲ್‌ಗಳು ಹತರಾದರು. ತಿಯೆರ್ ಸರಕಾರ ನಗರವನ್ನು ಬಿಟ್ಟು ವರ್ಸೇಲ್ಸ್‌ಗೆ ಸರಿಯಿತು. ‘ಪ್ಯಾರಿಸ್ ಕಮ್ಯೂನ್’ ಎಂದು ಚರಿತ್ರೆಯಲ್ಲಿ ಹೆಸರಾದ ನಗರಾಡಳಿತ ಎರಡು ತಿಂಗಳು ನಡೆಯಿತು. ಮೇ 21ರಿಂದ 28ರವರೆಗಿನ ‘ರಕ್ತಸಿಕ್ತ ವಾರ’ದಲ್ಲಿ ಫ್ರೆಂಚ್ ಸೈನ್ಯವೇ ಫ್ರೆಂಚ್ ರಾಜಧಾನಿಯನ್ನು ಬೀದಿಬೀದಿಯಾಗಿ ಗೆದ್ದುಕೊಂಡಿತು. ಸತ್ತವರ ಎಣಿಕೆಯಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ; ಕೆಲವರು ಆರೇಳು ಸಾವಿರ ಎನ್ನುತ್ತಾರೆ, ಕೆಲವರು ಇಪ್ಪತ್ತು ಸಾವಿರ ಎನ್ನುತ್ತಾರೆ. ತ್ವಿಲರಿ ಅರಮನೆಯೂ ಪುರಭವನವೂ ಬೆಂಕಿಗೆ ಆಹುತಿಯಾದವು. ಜರ್ಮನ್ ಸೈನಿಕರು ಉತ್ತರ ಮತ್ತು ಪೂರ್ವದ ಬಿಡಿಕೋಟೆಗಳಲ್ಲಿ ನಿಂತು ಇದೆಲ್ಲವನ್ನೂ ನೋಡುತ್ತಿದ್ದರು.

ಫ್ರಾನ್ಸಿನ ಆಳುವ ವರ್ಗಕ್ಕೂ ಸೇನಾಧಿಕಾರಿಗಳಿಗೂ 1871 ಒಂದು ಪಾಠವನ್ನು ಕಲಿಸಿತು. ಯುದ್ಧದಲ್ಲಿ ಸೋಲುವುದಕ್ಕಿಂತ ಭಯಂಕರವಾದುದು ಇನ್ನೊಂದಿದೆ. ಸೋಲಿನ ನಡುವೆ ರಾಜಧಾನಿಯ ಜನರ ಕೈಯಲ್ಲಿ ಶಸ್ತ್ರವಿರುವುದೇ ಅದು. ಈ ಪಾಠ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಎರಡು ತಲೆಮಾರುಗಳ ನಂತರವೂ ಅದು ಮರೆಯಲಿಲ್ಲ ಎಂಬುದೇ ಮುಖ್ಯ. ಸಂಸತ್ತು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಮರಳಿದ್ದು 1879ರಲ್ಲಿ.

1914: ನಂಬಿಕೆಯ ಫಲ

ಮೊದಲನೆಯ ಮಹಾಯುದ್ಧದ ಹೊಸ್ತಿಲಲ್ಲಿ ಸರಕಾರದ ಬಳಿ ಒಂದು ಗುಪ್ತ ಪಟ್ಟಿ ಇತ್ತು. ‘ಕಾರ್ನೆ ಬಿ’ ಎಂದು ಕರೆಯಲಾಗುತ್ತಿದ್ದ ಆ ಪಟ್ಟಿಯಲ್ಲಿ, ಸೇನಾ ಜಮಾವಣೆಯಾದೊಡನೆ ಬಂಧಿಸಬೇಕಾದ ಯುದ್ಧವಿರೋಧಿಗಳ, ಕಾರ್ಮಿಕ ಸಂಘಟಕರ, ಕ್ರಾಂತಿವಾದಿಗಳ ಹೆಸರುಗಳಿದ್ದವು. ಸುಮಾರು ಎರಡೂವರೆ ಸಾವಿರ ಜನ. 1871ರ ಭೀತಿ ಕಾಗದದ ಮೇಲೆ ಇಳಿದುದರ ರೂಪವೇ ಈ ಪಟ್ಟಿ. ಗೃಹಸಚಿವ ಲೂಯಿ ಮಾಲ್ವಿ 1914ರ ಆಗಸ್ಟ್ ಆರಂಭದಲ್ಲಿ ಈ ಪಟ್ಟಿಯನ್ನು ಜಾರಿಗೆ ತರದಿರಲು ತೀರ್ಮಾನಿಸಿದನು. ಅದೇ ತಿಂಗಳ ಕೊನೆಯಲ್ಲಿ ಸಮಾಜವಾದಿ ಪಕ್ಷದ ಜೂಲ್ ಗೇದ್ ಮತ್ತು ಮಾರ್ಸೆಲ್ ಸಾಂಬಾ ಸಚಿವ ಸಂಪುಟವನ್ನು ಸೇರಿದರು. ಹೀಗೆ ಕಾರ್ಮಿಕ ಪ್ಯಾರಿಸ್ಸನ್ನು ಸಂಶಯದಿಂದ ನೋಡುವ ಬದಲು ಅದನ್ನು ರಾಷ್ಟ್ರರಕ್ಷಣೆಯಲ್ಲಿ ಪಾಲುಗೊಳಿಸುವ ದಾರಿಯನ್ನು ಸರಕಾರ ಹಿಡಿಯಿತು.

ಸೇನಾ ಪರಿಸ್ಥಿತಿಯಾದರೋ ಆಶಾದಾಯಕವಾಗಿರಲಿಲ್ಲ. ಬೆಲ್ಜಿಯಂ ಮೂಲಕ ಇಳಿದುಬಂದ ಜರ್ಮನ್ ಸೇನೆಗಳು ಆಗಸ್ಟ್ ಅಂತ್ಯದ ಹೊತ್ತಿಗೆ ರಾಜಧಾನಿಯನ್ನು ಸಮೀಪಿಸಿದ್ದವು. ಆಗಸ್ಟ್ 30ರಂದು ಜರ್ಮನ್ ವಿಮಾನವೊಂದು ನಗರದ ಮೇಲೆ ಬಾಂಬುಗಳನ್ನು ಎಸೆಯಿತು. ಸೆಪ್ಟೆಂಬರ್ 2ರ ರಾತ್ರಿ, ಸೆಡಾನ್ ಶರಣಾಗತಿಯ ನಲವತ್ತನಾಲ್ಕನೆಯ ವಾರ್ಷಿಕ ದಿನದಂದೇ, ಸರಕಾರವು ಬೋರ್ಡೋಗೆ ಹೊರಟಿತು. ಆದರೆ ನಗರವನ್ನು ಅನಾಥವಾಗಿ ಬಿಡಲಿಲ್ಲ. ನಿವೃತ್ತಿಯಿಂದ ಮರಳಿ ಬಂದಿದ್ದ ಜನರಲ್ ಗಾಲಿಯೇನಿ ಸೇನಾ ರಾಜ್ಯಪಾಲನಾಗಿ ನಿಂತನು. ಕೊನೆಯವರೆಗೂ ನಗರವನ್ನು ರಕ್ಷಿಸುವ ಹೊಣೆ ತನ್ನದೆಂದು ಮರುದಿನ ಕೆಲವೇ ಸಾಲುಗಳ ಪ್ರಕಟಣೆಯನ್ನು ಹೊರಡಿಸಿದನು. ಸರಕಾರ ಸುರಕ್ಷಿತವಾಗಿರಬೇಕು, ರಾಜಧಾನಿ ಹೋರಾಡಬೇಕು. ಇವೆರಡು ಬೇರೆಬೇರೆ ಕೆಲಸಗಳೆಂಬ ವಿವೇಕ 1870ರ ಅನುಭವದಿಂದ ಬಂದಿತ್ತು. ಅಂದು ಸರಕಾರದ ಬಹುಭಾಗ ಮುತ್ತಿಗೆಯೊಳಗೆ ಸಿಕ್ಕಿಕೊಂಡು ದೇಶದ ಕೈಕಾಲು ಕಟ್ಟಿದಂತಾಗಿತ್ತು.

ಈ ಸಂದರ್ಭದಲ್ಲಿ ಪ್ಯಾರಿಸ್ ನಿರ್ವಹಿಸಿದ ಪಾತ್ರವು ಕೋಟೆಯ ಪಾತ್ರವಲ್ಲ. ಎಪ್ಪತ್ತು ವರ್ಷ ಹಳೆಯದಾದ ಗೋಡೆ ಹೊಸ ಕಾಲದ ಫಿರಂಗಿಗಳ ಮುಂದೆ ನಿಲ್ಲುವಂತಿರಲಿಲ್ಲ. ಆದರೆ ನಗರದ ಒಳಗೆ ಮೊನೂರಿಯ ಆರನೆಯ ಸೇನೆ ಇತ್ತು. ದೇಶದ ರೈಲುಮಾರ್ಗಗಳೆಲ್ಲವೂ ಅಲ್ಲಿ ಕೂಡುತ್ತಿದ್ದವು. ಜರ್ಮನರ ಮೊದಲನೆಯ ಸೇನೆಯ ನಾಯಕ ಫಾನ್ ಕ್ಲುಕ್ ನಗರವನ್ನು ಪಶ್ಚಿಮದಿಂದ ಬಳಸುವ ಬದಲು ಆಗ್ನೇಯಕ್ಕೆ ತಿರುಗಿ, ಪ್ಯಾರಿಸ್ಸನ್ನು ಬಲಕ್ಕೆ ಬಿಟ್ಟು ಮುಂದೆ ಸಾಗಿದನು. ಅವನ ಸೇನೆಯ ಬಲಪಾರ್ಶ್ವ ರಾಜಧಾನಿಯ ಎದುರಿಗೆ ತೆರೆದುಕೊಂಡಿತು. ಇದನ್ನು ವಿಮಾನ ವೀಕ್ಷಣೆಯ ವರದಿಗಳಿಂದ ಅರಿತ ಗಾಲಿಯೇನಿ ಕೂಡಲೇ ದಾಳಿಗೆ ಸಿದ್ಧನಾಗಿ, ಮಹಾಸೇನಾಪತಿ ಜೋಫ್ರೆಯನ್ನು ಪ್ರತ್ಯಾಕ್ರಮಣಕ್ಕೆ ಒತ್ತಾಯಿಸಿದನು. ಸೆಪ್ಟೆಂಬರ್ 5ರಂದು ಊರ್ಕ್ ನದಿಯ ಬಳಿ ಕಾಳಗ ಆರಂಭವಾಗಿ, ಅದು ಮಾರ್ನ್ ಯುದ್ಧವಾಗಿ ಹರಡಿತು. ಒಂದು ವಾರದಲ್ಲಿ ಜರ್ಮನರು ಏನ್ ನದಿಯ ಆಚೆಗೆ ಹಿಂದೆಗೆದರು.

ಈ ಯುದ್ಧದೊಂದಿಗೆ ಪ್ಯಾರಿಸ್ಸಿನ ಟ್ಯಾಕ್ಸಿಗಳ ಕಥೆ ಬೆಸೆದುಕೊಂಡಿದೆ. ಸುಮಾರು 600 ಬಾಡಿಗೆ ಮೋಟಾರುಗಳು ಕೆಲವು ಸಾವಿರ ಸೈನಿಕರನ್ನು ಹೊತ್ತು ರಣರಂಗಕ್ಕೆ ಸಾಗಿಸಿದವು. ಮೀಟರುಗಳು ಓಡುತ್ತಲೇ ಇದ್ದವು. ಸರಕಾರವು 70,012 ಫ್ರಾಂಕ್ ಬಾಡಿಗೆಯನ್ನು ಪಾವತಿ ಮಾಡಿತು. ಯುದ್ಧದ ಫಲಿತಾಂಶವನ್ನು ಟ್ಯಾಕ್ಸಿಗಳು ನಿರ್ಧರಿಸಲಿಲ್ಲವೆಂಬುದು ನಿಜ. ಸೈನಿಕರಲ್ಲಿ ಹೆಚ್ಚಿನವರನ್ನು ಸಾಗಿಸಿದ್ದು ರೈಲುಗಳೇ. ಆದರೂ ಈ ಕಥೆ ಫ್ರೆಂಚರ ಸ್ಮೃತಿಯಲ್ಲಿ ಉಳಿದದ್ದಕ್ಕೆ ಕಾರಣವಿದೆ. 1871ರಲ್ಲಿ ರಾಜಧಾನಿಯ ಶ್ರಮಜೀವಿಯನ್ನು ಸೈನ್ಯವು ಗುಂಡಿಟ್ಟು ಕೊಂದಿತ್ತು. 1914ರಲ್ಲಿ ಅದೇ ವರ್ಗದ ಚಾಲಕನು ಸೈನ್ಯವನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ರಣರಂಗಕ್ಕೆ ಒಯ್ದನು. ಹಳೆಯ ಗಾಯವೊಂದು ಮಾಗುತ್ತಿರುವುದರ ಕುರುಹಾಗಿ ಆ ದೃಶ್ಯ ನಿಂತಿತು.

ಯುದ್ಧದ ಕೊನೆಯ ವರ್ಷದಲ್ಲಿಯೂ ನಗರದ ಸಹನೆ ಪರೀಕ್ಷೆಗೊಳಗಾಯಿತು. 1918ರ ಮಾರ್ಚ್ 23ರಿಂದ, ಸುಮಾರು 120 ಕಿಲೋಮೀಟರು ದೂರದಿಂದ, ಜರ್ಮನರ ಮಹಾಫಿರಂಗಿ ಪ್ಯಾರಿಸ್ಸಿನ ಮೇಲೆ ಗುಂಡೆಸೆಯತೊಡಗಿತು. ಮಾರ್ಚ್ 29ರ ಶುಭ ಶುಕ್ರವಾರ ಸೇಂಟ್ ಜರ್ವೆ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಚಾವಣಿ ಕುಸಿದು ಸುಮಾರು 90 ಜನ ಪ್ರಾಣ ತೆತ್ತರು. ಆದರೆ ನಗರ ಒಡೆಯಲಿಲ್ಲ.

1940: ಶತ್ರುವಿಗಿಂತ ಹೆಚ್ಚಿನ ಭಯ

ಎರಡನೆಯ ಮಹಾಯುದ್ಧದ ಆರಂಭದಲ್ಲಿಯೇ ವಾತಾವರಣ ಬೇರೆಯಾಗಿತ್ತು. ಹಿಟ್ಲರ್ ಮತ್ತು ಸ್ಟಾಲಿನ್‌ರ ನಡುವಣ ಒಪ್ಪಂದದ ಹಿನ್ನೆಲೆಯಲ್ಲಿ, 1939ರ ಸೆಪ್ಟೆಂಬರ್ ಕೊನೆಯಲ್ಲಿ, ಫ್ರೆಂಚ್ ಕಮ್ಯುನಿಸ್ಟ್ ಪಕ್ಷವನ್ನು ಸರಕಾರ ವಿಸರ್ಜಿಸಿತು. ಒಪ್ಪಂದವನ್ನು ಸಮರ್ಥಿಸಿದ ಪಕ್ಷದ ನಡೆ ಸರಕಾರಕ್ಕೆ ಕಾರಣವನ್ನು ಒದಗಿಸಿತ್ತು. ಪ್ಯಾರಿಸ್ಸಿನ ಕಾರ್ಮಿಕ ಬಡಾವಣೆಗಳಲ್ಲಿ ಆ ಪಕ್ಷದ ಬೇರು ಆಳವಾಗಿದ್ದುದರಿಂದ, ರಾಜಧಾನಿಯ ಒಂದು ದೊಡ್ಡ ಭಾಗ ಮತ್ತೆ ಸಂಶಯದ ನೆರಳಿಗೆ ಬಂದಿತು.

1940ರ ಮೇ 10ರಂದು ಜರ್ಮನ್ ಆಕ್ರಮಣ ಆರಂಭವಾಗಿ, ಮೂರೇ ದಿನಗಳಲ್ಲಿ ಅವರು ಸೆಡಾನ್ ಬಳಿಯೇ ಮತ್ತೆ ನದಿ ದಾಟಿದರು. ಮೇ 16ರಂದು ಚರ್ಚಿಲ್ ಪ್ಯಾರಿಸ್ಸಿಗೆ ಬಂದಾಗ ವಿದೇಶಾಂಗ ಸಚಿವಾಲಯದ ತೋಟದಲ್ಲಿ ಕಡತಗಳು ಸುಡುತ್ತಿದ್ದವು. ಮೀಸಲು ಪಡೆ ಎಲ್ಲಿದೆ ಎಂಬ ಅವನ ಪ್ರಶ್ನೆಗೆ ಸೇನಾಪತಿ ಗಾಮ್ಲಾಂ ಇಲ್ಲವೆಂದು ಉತ್ತರಿಸಿದನು. ಗಾಮ್ಲಾಂನ ಸ್ಥಾನಕ್ಕೆ 73 ವರ್ಷದ ಜನರಲ್ ವೇಗಾಂ ಬಂದನು. 84 ವರ್ಷದ ಮಾರ್ಷಲ್ ಪೆತಾಂ ಉಪಪ್ರಧಾನಿಯಾದನು. ಜೂನ್ 10ರಂದು ಪ್ರಧಾನಿ ಪಾಲ್ ರೇನೋನ ಸರಕಾರ ರಾಜಧಾನಿಯನ್ನು ಬಿಟ್ಟಿತು. ಅದರ ಮೊದಲೂ ನಂತರವೂ ನಗರದ ಮೂರನೆಯ ಎರಡು ಪಾಲಿನಷ್ಟು ಜನರು ದಕ್ಷಿಣದ ರಸ್ತೆಗಳಿಗೆ ಇಳಿದಿದ್ದರು. ಮೋಟಾರು, ಸೈಕಲ್ಲು, ಕೈಗಾಡಿ, ಕಾಲ್ನಡಿಗೆ, ಸಿಕ್ಕಿದ್ದೇ ವಾಹನ.

ಜೂನ್ 11ರಂದು ಬ್ರಿಯಾರ್‌ನಲ್ಲಿ ನಡೆದ ಸಮಾಲೋಚನೆಯಲ್ಲಿ, ಮಹಾನಗರವೊಂದನ್ನು ಮನೆಮನೆಯಾಗಿ ರಕ್ಷಿಸಿದರೆ ಶತ್ರುವಿನ ಶಕ್ತಿ ಅದರಲ್ಲಿ ಹೀರಿಹೋಗುತ್ತದೆಂದು ಚರ್ಚಿಲ್ ವಾದಿಸಿದನು. ಪ್ಯಾರಿಸ್ಸನ್ನು ಬೂದಿ ಮಾಡಿದರೂ ಯುದ್ಧದ ಪರಿಣಾಮ ಬದಲಾಗದೆಂದು ಪೆತಾಂ ಪ್ರತಿಯಾಡಿದನು. ಪ್ಯಾರಿಸ್ಸನ್ನು ‘ಮುಕ್ತ ನಗರ’ವೆಂದು ಸಾರಲಾಯಿತು; ಅಂದರೆ ಅಲ್ಲಿ ಪ್ರತಿರೋಧ ಇರುವುದಿಲ್ಲ, ಆದ್ದರಿಂದ ಅದರ ಮೇಲೆ ದಾಳಿ ಮಾಡಕೂಡದು. ಜೂನ್ 14ರ ಮುಂಜಾನೆ ಜರ್ಮನರು ನಗರವನ್ನು ಪ್ರವೇಶಿಸಿದರು.

ಈ ತೀರ್ಮಾನಕ್ಕೆ ಮಾನವೀಯ ಕಾರಣಗಳಿದ್ದವು. ಸೈನಿಕ ಕಾರಣಗಳೂ ಇದ್ದವು. ವಾರ್ಸಾ ಮತ್ತು ರಾಟರ್‌ಡ್ಯಾಮ್ ನಗರಗಳು ಬಾಂಬಿನಿಂದ ಏನಾದವೆಂಬುದನ್ನು ಎಲ್ಲರೂ ಕಂಡಿದ್ದರು. ಆದರೆ ಜೂನ್ 13ರಂದು ತೂರ್ ಸಮೀಪದ ಕಾಂಜೆ ಮಹಲಿನಲ್ಲಿ ನಡೆದ ಸಚಿವಸಭೆಯ ಒಂದು ಪ್ರಸಂಗ ಇನ್ನೊಂದು ಕಾರಣವನ್ನು ಬಯಲಿಗೆ ತರುತ್ತದೆ. ಪ್ಯಾರಿಸ್ಸಿನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಿದ್ದಾರೆ, ಅವರ ನಾಯಕ ತೊರೇ ಅಧ್ಯಕ್ಷರ ಭವನದಲ್ಲಿ ಕುಳಿತಿದ್ದಾನೆ ಎಂದು ವೇಗಾಂ ಸಭೆಗೆ ತಿಳಿಸಿದನು. ಗೃಹಸಚಿವ ಜಾರ್ಜ್ ಮಾಂಡೆಲ್ ಕೂಡಲೇ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ ಲಾಂಜರೋನ್‌ಗೆ ದೂರವಾಣಿ ಮಾಡಿ ವಿಚಾರಿಸಿದನು. ನಗರ ಶಾಂತವಾಗಿತ್ತು, ದಂಗೆಯ ಸುಳಿವೂ ಇರಲಿಲ್ಲ. ಜರ್ಮನ್ ಸೈನ್ಯ ಹೆಬ್ಬಾಗಿಲಲ್ಲಿದ್ದಾಗಲೂ ದೇಶದ ಮಹಾಸೇನಾಪತಿಯ ಮನಸ್ಸಿನಲ್ಲಿ ಓಡಾಡುತ್ತಿದ್ದುದು 1871ರ ಭೂತ. ಸೈನ್ಯ ಚದುರಿಹೋಗುವ ಮೊದಲೇ ಕದನವಿರಾಮ ಬೇಕು, ಇಲ್ಲವಾದರೆ ದೇಶದೊಳಗೆ ಶಿಸ್ತನ್ನು ಕಾಪಾಡುವವರಿರುವುದಿಲ್ಲ ಎಂಬ ಅವನ ಹಠದ ಹಿಂದೆ ಈ ಭೀತಿಯೇ ಇತ್ತು.

ಜೂನ್ 16ರಂದು ರೇನೋ ರಾಜೀನಾಮೆ ಕೊಟ್ಟನು. ಪೆತಾಂ ಅಧಿಕಾರಕ್ಕೆ ಬಂದನು. ಜೂನ್ 18ರಂದು ಲಂಡನ್ ರೇಡಿಯೊದಿಂದ ಜನರಲ್ ಡಿ ಗಾಲ್ ಹೋರಾಟ ಮುಂದುವರಿಯಬೇಕೆಂದು ಕರೆ ಕೊಟ್ಟನು. ಜೂನ್ 22ರಂದು ಕದನವಿರಾಮದ ಒಪ್ಪಂದವಾಯಿತು. ಜುಲೈ 10ರಂದು ವಿಶಿ ಪಟ್ಟಣದಲ್ಲಿ ಸೇರಿದ ಸಂಸತ್ತು 569 ಮತಗಳಿಂದ ಪೆತಾಂಗೆ ಪೂರ್ಣಾಧಿಕಾರವನ್ನು ಒಪ್ಪಿಸಿತು. ವಿರೋಧಿಸಿದವರು 80 ಮಂದಿ. ರಾಜಧಾನಿಯನ್ನು ಕಳೆದುಕೊಂಡ ಗಣರಾಜ್ಯವು ನಾಲ್ಕು ವಾರಗಳೊಳಗೆ ತನ್ನನ್ನೇ ಕಳೆದುಕೊಂಡಿತು.

ಉಳಿದ ಕಲ್ಲು, ಉಳಿಯದ ಜನ

ಮುಕ್ತ ನಗರವಾಗಿ ಸಾರಿದ್ದರಿಂದ ಪ್ಯಾರಿಸ್ಸಿನ ಕಟ್ಟಡಗಳು ಉಳಿದವು. ಚರ್ಚುಗಳು, ಸೇತುವೆಗಳು, ಅರಮನೆಗಳು ಮುಕ್ಕಾಗಲಿಲ್ಲ. ಇದು ಸಣ್ಣ ಲಾಭವಲ್ಲ. ಆದರೆ ದುರ್ಗವನ್ನು ಉಳಿಸಿದರೆ ಜನಪದ ತಾನಾಗಿ ಉಳಿಯುತ್ತದೆಂಬ ನಂಬಿಕೆ ಹುಸಿಯಾಯಿತು. ನಗರದಲ್ಲಿ ಶಾಂತಿಪಾಲನೆಗೆಂದು ಪೊಲೀಸರನ್ನು ತಮ್ಮ ಸ್ಥಾನಗಳಲ್ಲಿಯೇ ಉಳಿಸಲಾಗಿತ್ತಷ್ಟೆ. 1942ರ ಜುಲೈ 16 ಮತ್ತು 17ರಂದು, ಜರ್ಮನರ ಕೋರಿಕೆಗೆ ವಿಶಿ ಸರಕಾರ ಒಪ್ಪಿದಂತೆ, ಅದೇ ಫ್ರೆಂಚ್ ಪೊಲೀಸರು ಪ್ಯಾರಿಸ್ ಮತ್ತು ಅದರ ಉಪನಗರಗಳಲ್ಲಿ ಮನೆಮನೆಗೆ ಹೋಗಿ ಸುಮಾರು 13,000 ಯೆಹೂದ್ಯರನ್ನು ಬಂಧಿಸಿದರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು. ಕುಟುಂಬಗಳನ್ನು ‘ವೆಲ್ ದಿವ್’ ಎಂಬ ಸೈಕಲ್ ಪಂದ್ಯದ ಕ್ರೀಡಾಂಗಣದಲ್ಲಿ ದಿನಗಟ್ಟಲೆ ಕೂಡಿಹಾಕಿ, ಅನಂತರ ಶಿಬಿರಗಳಿಗೆ ಸಾಗಿಸಿದರು. ಅಲ್ಲಿಂದ ಅವರ ದಾರಿ ಆಶ್‌ವಿಟ್ಸ್‌ಗೆ. ಹಿಂತಿರುಗಿ ಬಂದವರು ಬೆರಳೆಣಿಕೆಯಷ್ಟು. ಹಾಳಾಗದೆ ಉಳಿದ ಸುಂದರ ನಗರದ ನಡುವೆ, ಬೇಸಗೆಯ ಎರಡು ದಿನಗಳಲ್ಲಿ, ಇದು ನಡೆಯಿತು.

1944: ನಗರವೇ ಎದ್ದು ನಿಂತಾಗ

1944ರ ಆಗಸ್ಟಿನಲ್ಲಿ ನಾರ್ಮಂಡಿಯಿಂದ ಮುನ್ನುಗ್ಗುತ್ತಿದ್ದ ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್‌ಗೆ ಪ್ಯಾರಿಸ್ ಬೇಕಾಗಿರಲಿಲ್ಲ. ವಿಮೋಚನೆಗೊಂಡ ನಗರಕ್ಕೆ ದಿನಕ್ಕೆ ಸುಮಾರು 4,000 ಟನ್ ಆಹಾರ ಮತ್ತು ಇತರ ಸಾಮಗ್ರಿಯನ್ನು ಪೂರೈಸಬೇಕಾಗುತ್ತಿತ್ತು. ಜರ್ಮನಿಯ ಕಡೆಗೆ ಓಡುತ್ತಿರುವ ಟ್ಯಾಂಕುಗಳಿಗೆ ಇಂಧನವೇ ಸಾಲದಾಗಿತ್ತು. ನಗರವನ್ನು ಬಳಸಿ ಮುಂದೆ ಹೋಗುವುದೇ ಸೈನಿಕ ದೃಷ್ಟಿಯಿಂದ ಸಮಂಜಸವೆಂದು ಅವನು ಭಾವಿಸಿದ್ದನು.

ನಗರವು ಆ ಲೆಕ್ಕಕ್ಕೆ ಕಾಯಲಿಲ್ಲ. ಆಗಸ್ಟ್ 10ರಂದು ರೈಲ್ವೆ ನೌಕರರು, 15ರಂದು ಪೊಲೀಸರು ಮುಷ್ಕರ ಹೂಡಿದರು. 19ರಂದು ಪೊಲೀಸರು ತಮ್ಮ ಪ್ರಧಾನ ಕಚೇರಿಯನ್ನೇ ವಶಪಡಿಸಿಕೊಂಡು ತ್ರಿವರ್ಣ ಧ್ವಜವನ್ನು ಏರಿಸಿದರು. ಎರಡು ವರ್ಷಗಳ ಹಿಂದೆ ಯೆಹೂದ್ಯರ ಬಾಗಿಲು ಬಡಿದಿದ್ದ ಇಲಾಖೆಯೇ ಬಂಡಾಯದ ಮೊದಲ ಕೋಟೆಯಾದದ್ದು ಚರಿತ್ರೆಯ ಕಟು ವಿಪರ್ಯಾಸ. ಕಾರ್ಮಿಕ ಹಿನ್ನೆಲೆಯ ಕಮ್ಯುನಿಸ್ಟ್ ನಾಯಕ ರೋಲ್-ತಾಂಗಿ ಪ್ಯಾರಿಸ್ ಪ್ರದೇಶದ ಪ್ರತಿರೋಧ ಪಡೆಗಳ ದಂಡನಾಯಕ. ನೆಲಮಾಳಿಗೆಯೊಂದರಿಂದ ಅವನು ಹೋರಾಟವನ್ನು ನಡೆಸಿದನು. ಸ್ವೀಡನ್ನಿನ ರಾಯಭಾರ ಪ್ರತಿನಿಧಿ ನೋರ್ಡ್ಲಿಂಗ್ ಏರ್ಪಡಿಸಿದ ತಾತ್ಕಾಲಿಕ ಕದನವಿರಾಮ ಮುರಿದುಬಿದ್ದಿತು. ಬೀದಿಗಳಲ್ಲಿ ಮತ್ತೆ ಕಲ್ಲುಚಪ್ಪಡಿಗಳ ಅಡ್ಡಗಟ್ಟೆಗಳು ಎದ್ದವು. 1871ರ ನಂತರ ಪ್ಯಾರಿಸ್ ಇಷ್ಟು ಅಡ್ಡಗಟ್ಟೆಗಳನ್ನು ಕಂಡಿರಲಿಲ್ಲ.

ಡಿ ಗಾಲ್‌ಗೆ ಎರಡು ಆತಂಕಗಳಿದ್ದವು. ಜರ್ಮನರು ಬಂಡಾಯವನ್ನು ರಕ್ತದಲ್ಲಿ ಮುಳುಗಿಸಬಹುದು ಎಂಬುದು ಒಂದು. ಬಂಡಾಯ ತಾನೇ ಗೆದ್ದು, ಪುರಭವನದಲ್ಲಿ ಇನ್ನೊಂದು ಸರಕಾರ ಸ್ಥಾಪನೆಯಾಗಬಹುದು ಎಂಬುದು ಇನ್ನೊಂದು. ವೇಗಾಂನನ್ನು ಕಾಡಿದ ಭೂತ ಡಿ ಗಾಲ್‌ನನ್ನೂ ಕಾಡಿತು. ಆದರೆ ಇಬ್ಬರ ಉತ್ತರಗಳು ಬೇರೆ. ಜನರಿಗೆ ಅಂಜಿ ವೇಗಾಂ ನಗರವನ್ನು ಬಿಟ್ಟುಕೊಟ್ಟನು; ಡಿ ಗಾಲ್ ಜನರ ನಡುವೆಯೇ ಹೋಗಿ ನಿಲ್ಲಲು ನಿರ್ಧರಿಸಿದನು. ಜನರಲ್ ಲೆಕ್ಲೇರ್‌ನ ಫ್ರೆಂಚ್ ಶಸ್ತ್ರಸಜ್ಜಿತ ದಳವನ್ನು ನಗರಕ್ಕೆ ಕಳುಹಿಸಬೇಕೆಂದು ಅವನು ಐಸೆನ್‌ಹೋವರ್‌ನನ್ನು ಒತ್ತಾಯಿಸಿದನು. ಬಂಡಾಯದ ಪ್ರತಿನಿಧಿಯೂ ರೇಖೆಗಳನ್ನು ದಾಟಿ ಬಂದು ಮೊರೆಯಿಟ್ಟ ಮೇಲೆ ಆಗಸ್ಟ್ 22ರಂದು ಆಜ್ಞೆ ಹೊರಟಿತು.

ಆಗಸ್ಟ್ 24ರ ರಾತ್ರಿ ಲೆಕ್ಲೇರ್ ದಳದ ಮುಂಚೂಣಿ ತುಕಡಿ ಪುರಭವನವನ್ನು ಮುಟ್ಟಿತು. ಕ್ಯಾಪ್ಟನ್ ದ್ರೋನ್‌ನ ಆ ತುಕಡಿಯಲ್ಲಿದ್ದ ಸೈನಿಕರಲ್ಲಿ ಬಹುಮಂದಿ ತಮ್ಮ ದೇಶದ ಅಂತರ್ಯುದ್ಧದಲ್ಲಿ ಸೋತು ಬಂದಿದ್ದ ಸ್ಪೇನಿನ ಗಣರಾಜ್ಯವಾದಿಗಳು. ನಗರವನ್ನು ಕೊನೆಗೆ ಅವಶೇಷಗಳ ರಾಶಿಯಾಗಿಯಾದರೂ ಬಿಟ್ಟುಕೊಡಬೇಕೆಂಬ ಹಿಟ್ಲರನ ಆಜ್ಞೆ ಜರ್ಮನ್ ಅಧಿಪತಿ ಶೋಲ್ಟಿಟ್ಸ್‌ಗೆ ಬಂದಿತ್ತು. ಅದನ್ನು ಅವನು ನೆರವೇರಿಸಲಿಲ್ಲ. ತಾನೇ ಪ್ಯಾರಿಸ್ಸನ್ನು ಉಳಿಸಿದೆನೆಂದು ಅವನು ಮುಂದೆ ಹೇಳಿಕೊಂಡನು. ಆಗ ಅವನ ಬಳಿ ಅದಕ್ಕೆ ಬೇಕಾದ ಬಲವೇ ಉಳಿದಿರಲಿಲ್ಲವೆಂದು ಅನೇಕ ಇತಿಹಾಸಕಾರರು ವಾದಿಸುತ್ತಾರೆ. ಆಗಸ್ಟ್ 25ರಂದು ಅವನು ಶರಣಾದನು. ಶರಣಾಗತಿಯ ಪತ್ರದಲ್ಲಿ ಲೆಕ್ಲೇರ್ ಜೊತೆಗೆ ರೋಲ್-ತಾಂಗಿಯ ಸಹಿಯೂ ಸೇರಿತು. ಡಿ ಗಾಲ್‌ಗೆ ಅದು ಹಿಡಿಸಲಿಲ್ಲ. ಆದರೂ ಸಹಿ ಉಳಿಯಿತು. ಹೋರಾಟದಲ್ಲಿ ಸಾವಿರಕ್ಕೂ ಹೆಚ್ಚು ಪ್ಯಾರಿಸ್ ನಿವಾಸಿಗಳು ಪ್ರಾಣ ತೆತ್ತಿದ್ದರು.

ಅಂದು ಡಿ ಗಾಲ್ ನಡೆದುಕೊಂಡ ಕ್ರಮ ಗಮನಾರ್ಹವಾದುದು. ಅವನು ಮೊದಲು ಹೋದದ್ದು ಪುರಭವನಕ್ಕಲ್ಲ, 1940ರಲ್ಲಿ ತಾನು ಬಿಟ್ಟುಹೋಗಿದ್ದ ಯುದ್ಧ ಸಚಿವಾಲಯಕ್ಕೆ, ಅನಂತರ ಪೊಲೀಸ್ ಪ್ರಧಾನ ಕಚೇರಿಗೆ, ಕೊನೆಗೆ ಪುರಭವನಕ್ಕೆ. ಅಲ್ಲಿ ಗಣರಾಜ್ಯವನ್ನು ಘೋಷಿಸಬೇಕೆಂದು ಕೇಳಿದಾಗ, ಗಣರಾಜ್ಯ ಎಂದೂ ಅಳಿದಿರಲಿಲ್ಲವಾದ್ದರಿಂದ ಘೋಷಣೆ ಬೇಕಿಲ್ಲವೆಂದು ನಿರಾಕರಿಸಿದನು. ಪುರಭವನದ ಕಿಟಕಿಯಿಂದ ಸರಕಾರಗಳನ್ನು ಹುಟ್ಟಿಸುವ ಹಳೆಯ ಪ್ಯಾರಿಸ್ ಸಂಪ್ರದಾಯಕ್ಕೆ ಅವನು ಹೀಗೆ ತೆರೆ ಎಳೆದನು. ಆದರೆ ಮರುದಿನ ಶಾಂಜೆಲಿಜೆ ಹಾದಿಯಲ್ಲಿ ಅಪಾರ ಜನಸಾಗರದ ನಡುವೆ ಕಾಲ್ನಡಿಗೆಯಲ್ಲಿ ಸಾಗಿದನು. ಅವನ ಸರಕಾರಕ್ಕೆ ಮಿತ್ರರಾಷ್ಟ್ರಗಳು ಅಧಿಕೃತ ಮನ್ನಣೆ ಕೊಟ್ಟದ್ದು ಅಕ್ಟೋಬರ್ 23ರಂದು. ರಾಜಧಾನಿಯ ಜನರು ಎರಡು ತಿಂಗಳು ಮೊದಲೇ ಅದನ್ನು ಕೊಟ್ಟಿದ್ದರು.

ಉಪಸಂಹಾರ

ಸೈನಿಕ ದೃಷ್ಟಿಯೊಂದರಿಂದಲೇ ಈ ನಾಲ್ಕು ಘಟ್ಟಗಳನ್ನು ಅಳೆಯಲಾಗದು. 1940ರಲ್ಲಿ ಪ್ಯಾರಿಸ್ಸನ್ನು ರಕ್ಷಿಸಲು ಹೊರಟಿದ್ದರೆ ಯುದ್ಧ ಗೆಲ್ಲುತ್ತಿರಲಿಲ್ಲ; ಲಕ್ಷಾಂತರ ಜನ ಸಾಯುತ್ತಿದ್ದರು. ನಗರವನ್ನು ತೆರೆದಿಟ್ಟವರನ್ನು ಆ ಒಂದು ಕಾರಣಕ್ಕಾಗಿ ಹೇಡಿಗಳೆನ್ನುವುದು ನ್ಯಾಯವಲ್ಲ. ಆದರೆ ನಗರವನ್ನು ಬಿಟ್ಟುಕೊಡುವುದು ಒಂದು, ಅದರ ಜನರನ್ನು ಕೈಬಿಡುವುದು ಇನ್ನೊಂದು. 1914ರಲ್ಲಿ ಸರಕಾರವು ನಗರವನ್ನು ಬಿಟ್ಟುಹೋದರೂ ಜನರನ್ನು ಕೈಬಿಡಲಿಲ್ಲ. 1940ರಲ್ಲಿ ಎರಡನ್ನೂ ಒಟ್ಟಿಗೆ ಮಾಡಿತು. ಅದರ ಬೆಲೆಯನ್ನು ತೆತ್ತವರು ಸರಕಾರದವರಲ್ಲ, ವೆಲ್ ದಿವ್ ಕ್ರೀಡಾಂಗಣದ ಮಕ್ಕಳು.

ತಿಯೆರ್ ಕಟ್ಟಿಸಿದ ಗೋಡೆಯನ್ನು ಮೊದಲನೆಯ ಮಹಾಯುದ್ಧದ ನಂತರ, 1919ರಿಂದ ಆರಂಭಿಸಿ, ಕೆಡವಿದರು. ಅದರ ಜಾಡಿನ ಪಕ್ಕದಲ್ಲಿ 1973ರಲ್ಲಿ ಪೂರ್ಣಗೊಂಡ ವರ್ತುಲ ರಸ್ತೆಯಲ್ಲಿ ಈಗ ಹಗಲಿರುಳೂ ವಾಹನಗಳು ಹರಿಯುತ್ತವೆ. ಕಲ್ಲಿನ ಗೋಡೆಗಿಂತ ಸಂಶಯದ ಗೋಡೆ ಹೆಚ್ಚು ಕಾಲ ಬಾಳಿತು. ಕಮ್ಯೂನ್ ಪತನದ ಬಳಿಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಫ್ರಾನ್ಸಿನ ಪ್ರತಿಯೊಂದು ಹಳ್ಳಿಗೂ ಮೇಯರ್ ಇದ್ದನು, ರಾಜಧಾನಿಗೆ ಮಾತ್ರ ಇರಲಿಲ್ಲ. ಸರಕಾರ ನೇಮಿಸಿದ ಅಧಿಕಾರಿಗಳೇ ಅದನ್ನು ಆಳುತ್ತಿದ್ದರು. ತನ್ನದೇ ಆದ ಚುನಾಯಿತ ಮೇಯರ್‌ನನ್ನು ಪ್ಯಾರಿಸ್ ಪಡೆದದ್ದು 1977ರಲ್ಲಿ. ಮೂರು ಯುದ್ಧಗಳಲ್ಲಿ ಹಸಿದು, ಹೋರಾಡಿ, ಸೆರೆಯಾಗಿ, ತನ್ನನ್ನು ತಾನೇ ಬಿಡಿಸಿಕೊಂಡ ನಗರವನ್ನು ಅದರ ರಾಜ್ಯವು ಪೂರ್ಣವಾಗಿ ನಂಬಲು ಅಷ್ಟು ಕಾಲ ಹಿಡಿಯಿತು.